ಬೀಳಲು ಒಂದು ಜಾಗ

ಶಿವಮೊಗ್ಗದ ಸವಳಂಗ ರಸ್ತೆಯಲ್ಲೋ ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೋ ಹುಡುಗನೊಬ್ಬ ಬೈಕಿನ ಮುಂದಿನ ಚಕ್ರ ಎತ್ತಿದರೆ ಆಮೇಲೆ ಏನಾಗುತ್ತದೆಂದು ಈಗ ಎಲ್ಲರಿಗೂ ಗೊತ್ತು. ಹಿಂದಿನ ಗಾಡಿಯಲ್ಲಿರುವ ಗೆಳೆಯ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾನೆ. ಸಂಜೆಗೆ ರೀಲ್ಸ್ ಆಗುತ್ತದೆ. ಪೊಲೀಸರು ಅದೇ ರೀಲ್ಸ್ ನೋಡಿ ಗಾಡಿಯ ನಂಬರು ಪತ್ತೆ ಮಾಡುತ್ತಾರೆ, ಅಪ್ಪನನ್ನು ಠಾಣೆಗೆ ಕರೆಸುತ್ತಾರೆ, ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಹುಡುಗನಿಗೆ ಹದಿನೆಂಟು ತುಂಬಿರದಿದ್ದರೆ ಗಾಡಿ ಕೊಟ್ಟ ಹಿರಿಯರಿಗೆ 25,000 ರೂಪಾಯಿ ದಂಡ. ಜಿಲ್ಲೆಯ ನ್ಯಾಯಾಲಯಗಳು ಇಂಥ ದಂಡ ಹಾಕಿದ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ ಓದುಗರು ಶೀರ್ಷಿಕೆ ನೋಡಿ ಮುಂದಕ್ಕೆ ಹೋಗುತ್ತಾರೆ. ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ಅದರ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನೂ ಊರು ನೋಡಿದೆ.

ಈ ಕ್ರಮಗಳ ಬಗ್ಗೆ ನನಗೆ ತಕರಾರಿಲ್ಲ. ಹಾಕಿದ್ದು ಸರಿಯಾದ ದಂಡವೇ. ಆದರೆ ನಮ್ಮ ವಿಚಾರ ದಂಡದ ರಸೀದಿಗೇ ಮುಗಿದುಹೋಗುತ್ತದೆ. ರಸ್ತೆಯಲ್ಲಿ ಗಾಡಿ ಎತ್ತುವವನನ್ನು ಶಿಕ್ಷಿಸುವ ಊರು ಅವನಿಗೆ ರಸ್ತೆಯಲ್ಲದ ಒಂದು ಜಾಗವನ್ನೂ ತೋರಿಸಬೇಕು ಎಂಬುದು ನನ್ನ ವಾದ. ಹುಡುಗರ ಮೇಲಿನ ಕನಿಕರದಿಂದ ಇದನ್ನು ಹೇಳುತ್ತಿಲ್ಲ. ಅವರು ಮೊಬೈಲಿನಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡಿರುವ ಆಟ ನಿಜವಾಗಿ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಆ ಆಟದ ಹೆಸರು ಫ್ರೀಸ್ಟೈಲ್ ಮೋಟೊಕ್ರಾಸ್. ಗುಡ್ಡ, ಗುಂಡಿ, ಕೆಸರಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸಿ ಯಾರು ಮೊದಲು ಎಂದು ನೋಡುವುದು ಮೋಟೊಕ್ರಾಸ್. ಅದರಲ್ಲಿ ದಿಬ್ಬ ಹಾರುವಾಗ ಸವಾರರು ಸುಮ್ಮನಿರಲಾರದೆ ಗಾಳಿಯಲ್ಲಿ ಕಾಲು ಬೀಸುವುದು, ಕೈ ಬಿಡುವುದು ಮಾಡುತ್ತಿದ್ದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ರೇಸನ್ನೇ ಬಿಟ್ಟು ಹಾರುವುದನ್ನಷ್ಟೇ ಇಟ್ಟುಕೊಂಡರು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಸಾಹಸ ಕ್ರೀಡೆಗಳ ಕೂಟ ಎಕ್ಸ್ ಗೇಮ್ಸ್‌ನಲ್ಲಿ ಇದು ಮೊದಲ ಬಾರಿ ಪದಕದ ಆಟವಾಯಿತು. ಗೆದ್ದವನು ಹದಿನೈದು ವರ್ಷದ ಟ್ರಾವಿಸ್ ಪಾಸ್ಟ್ರಾನಾ, ನೂರಕ್ಕೆ 99 ಅಂಕ. ಗೆದ್ದ ಖುಷಿಗೆ ಆತ ಬೈಕಿನ ಸಮೇತ ಅಲ್ಲಿನ ಕೊಲ್ಲಿಯ ನೀರಿಗೆ ಹಾರಿ ಸಂಘಟಕರ ಕೆಂಗಣ್ಣಿಗೆ ಗುರಿಯಾದ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಈ ಆಟದ ಹುಟ್ಟೂ ಶಿಸ್ತಿನಿಂದ ಆದದ್ದಲ್ಲ. ನಮ್ಮ ಹುಡುಗರಲ್ಲಿ ಕಾಣುವ ಪುಂಡಾಟವೇ ಅಲ್ಲಿಯೂ ಇತ್ತು.

ಆ ಪುಂಡಾಟ ಆಟವಾಗಿ ಬದಲಾದದ್ದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅದಕ್ಕೆ ಬೈಕ್ ಗಾಳಿಯಲ್ಲಿ ಏನು ಮಾಡುತ್ತದೆ ಎಂದು ಸ್ವಲ್ಪ ನೋಡಬೇಕು. ಸಾಮಾನ್ಯವಾಗಿ ಎರಡು ರ‍್ಯಾಂಪುಗಳ ನಡುವಿನ ಅಂತರ ಸುಮಾರು 75 ಅಡಿ. ನಲವತ್ತೈದು ಡಿಗ್ರಿಯ ಕೋನದಲ್ಲಿ ಹೊರಟು ಅಷ್ಟು ದೂರ ದಾಟಲು ಗಂಟೆಗೆ 55 ಕಿಲೋಮೀಟರಿನಷ್ಟು ವೇಗ ಸಾಕು. ಕಾಲೇಜು ಹುಡುಗ ನೂರಡಿ ರಸ್ತೆಯಲ್ಲಿ ನಿತ್ಯ ಹೋಗುವ ವೇಗ. ಗಾಳಿಯಲ್ಲಿರುವುದು ಹೆಚ್ಚುಕಡಿಮೆ ಎರಡು ಸೆಕೆಂಡು. ರ‍್ಯಾಂಪಿನ ತುದಿಯಿಂದ ಇನ್ನೂ ಐದಾರು ಮೀಟರ್ ಮೇಲಕ್ಕೆ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಗಿಂತ ಮೇಲೆ ಹೋಗಿ ಬರುತ್ತದೆ. ಆ ಎರಡು ಸೆಕೆಂಡಿನಲ್ಲಿ ಸವಾರ ಸೀಟು ಬಿಟ್ಟು ಬೈಕಿನ ಹಿಂದೆ ಚಾಚಿಕೊಂಡರೆ ಸೂಪರ್‌ಮ್ಯಾನ್, ಹ್ಯಾಂಡಲ್ ಮೇಲಿನಿಂದ ಕಾಲು ತಂದು ಹಿಮ್ಮಡಿ ತಟ್ಟಿದರೆ ಹೀಲ್ ಕ್ಲಿಕರ್, ಬೈಕಿನೊಡನೆ ಹಿಂದಕ್ಕೆ ಪೂರ್ತಿ ಪಲ್ಟಿ ಹೊಡೆದರೆ ಬ್ಯಾಕ್‌ಫ್ಲಿಪ್.

ನೋಡುವವರಿಗೆ ಕಾಣದ ಕೆಲಸ ಮತ್ತೊಂದಿದೆ. ನೆಲ ಬಿಟ್ಟ ಬೈಕಿಗೆ ಹಿಡಿತ ಸಿಗುವುದು ತಿರುಗುತ್ತಿರುವ ಹಿಂದಿನ ಚಕ್ರದಿಂದ. ಮೂತಿ ಕೆಳಕ್ಕೆ ವಾಲುತ್ತಿದ್ದರೆ ಆಕ್ಸಿಲರೇಟರ್ ಕೊಡಬೇಕು: ಚಕ್ರ ಮುಂದಕ್ಕೆ ಜೋರಾಗಿ ತಿರುಗಿದಷ್ಟೂ ಬೈಕಿನ ಮೈ ಅದಕ್ಕೆ ವಿರುದ್ಧವಾಗಿ ಹಿಂದಕ್ಕೆ ತಿರುಗುತ್ತದೆ, ಮೂತಿ ಏಳುತ್ತದೆ. ಮೂತಿ ಅತಿಯಾಗಿ ಎದ್ದರೆ ಹಿಂದಿನ ಬ್ರೇಕ್ ಒತ್ತಬೇಕು: ಚಕ್ರ ನಿಂತು ಅದರ ತಿರುಗುವಿಕೆ ಬೈಕಿನ ಮೈಗೆ ವರ್ಗವಾಗುತ್ತದೆ, ಮೂತಿ ಇಳಿಯುತ್ತದೆ. ಪಿಯುಸಿ ಭೌತಶಾಸ್ತ್ರದ ಕೋನೀಯ ಆವೇಗದ ಪಾಠ ಇದೇ. ತರಗತಿಯಲ್ಲಿ ತಿರುಗುವ ಕುರ್ಚಿಯ ಉದಾಹರಣೆ ಕೊಡುವ ಬದಲು ಇದನ್ನು ಕೊಟ್ಟರೆ ಹಿಂದಿನ ಬೆಂಚಿನವರೂ ಕಣ್ಣು ಬಿಡುತ್ತಾರೆ ಎಂದು ನನ್ನ ಗುಮಾನಿ.

ಬ್ಯಾಕ್‌ಫ್ಲಿಪ್ ಬಹುಕಾಲ ಅಸಾಧ್ಯವೆಂದೇ ಎಣಿಕೆಯಲ್ಲಿತ್ತು. 2000ದಲ್ಲಿ ಕೇರಿ ಹಾರ್ಟ್ ಎಂಬ ಸವಾರ ಸಾಹಸ ಕ್ರೀಡೆಗಳ ಇನ್ನೊಂದು ಕೂಟವಾದ ಗ್ರ್ಯಾವಿಟಿ ಗೇಮ್ಸ್‌ನಲ್ಲಿ ದೊಡ್ಡ ಬೈಕಿನೊಡನೆ ಪಲ್ಟಿ ಹೊಡೆದ; ಚಕ್ರ ನೆಲಕ್ಕೆ ತಾಗಿತಾದರೂ ಆತ ಸೀಟಿನಲ್ಲಿ ಉಳಿಯಲಿಲ್ಲ. ಮರುವರ್ಷ ಎಕ್ಸ್ ಗೇಮ್ಸ್‌ನಲ್ಲಿ ಮತ್ತೆ ಹೊರಟು ಗಾಳಿಯಲ್ಲೇ ಬೈಕ್ ಬಿಟ್ಟು ಬಿದ್ದು ಮೂಳೆಗಳನ್ನು ಮುರಿದುಕೊಂಡ. 2002ರ ಎಕ್ಸ್ ಗೇಮ್ಸ್‌ನಲ್ಲಿ ಮೈಕ್ ಮೆಟ್ಜ್‌ಗರ್ ಒಂದರ ಹಿಂದೊಂದು ಎರಡು ಪಲ್ಟಿ ಹೊಡೆದು ಚಿನ್ನ ಗೆದ್ದ. 2006ರ ಆಗಸ್ಟ್‌ನಲ್ಲಿ ಪಾಸ್ಟ್ರಾನಾ ಒಂದೇ ನೆಗೆತದಲ್ಲಿ ಎರಡು ಸುತ್ತು ತಿರುಗಿ ಇಳಿದ. 2015ರಲ್ಲಿ ಆಸ್ಟ್ರೇಲಿಯಾದ ಜೋಶ್ ಶೀಹನ್ ಮೂರು ಸುತ್ತು ತಿರುಗಿದ.

ಹಾರ್ಟ್ ಬಿದ್ದ ವರ್ಷಕ್ಕೂ ಪಾಸ್ಟ್ರಾನಾ ಎರಡು ಸುತ್ತು ತಿರುಗಿದ ವರ್ಷಕ್ಕೂ ನಡುವೆ ಸವಾರರ ಧೈರ್ಯ ಹೆಚ್ಚಿತೆಂದು ಯಾರೂ ಹೇಳಲಾರರು; ಧೈರ್ಯ ಮೊದಲೂ ಬೇಕಾದಷ್ಟಿತ್ತು. ಹೆಚ್ಚಿದ್ದು ಬೀಳುವ ವ್ಯವಸ್ಥೆ. ದೊಡ್ಡದೊಂದು ಗುಂಡಿ ತೋಡಿ ಸ್ಪಂಜಿನ ತುಂಡುಗಳನ್ನು ತುಂಬುತ್ತಾರೆ. ಅದಕ್ಕೆ ಫೋಮ್ ಪಿಟ್ ಎನ್ನುತ್ತಾರೆ. ಸವಾರ ರ‍್ಯಾಂಪಿನಿಂದ ಹಾರಿ ಪಲ್ಟಿ ಅರ್ಧಕ್ಕೆ ನಿಂತರೂ, ತಲೆ ಕೆಳಗಾದರೂ ಬೀಳುವುದು ಆ ಸ್ಪಂಜಿನೊಳಕ್ಕೆ. ಕ್ರೇನಿನಿಂದ ಬೈಕ್ ಎತ್ತುತ್ತಾರೆ, ಮತ್ತೆ ಹಾರುತ್ತಾನೆ. ಪಾಸ್ಟ್ರಾನಾ ಮೇರಿಲ್ಯಾಂಡಿನ ತನ್ನ ಮನೆಯ ಹಿತ್ತಲಲ್ಲೇ ಇಂಥದೊಂದು ಗುಂಡಿ ಮಾಡಿಕೊಂಡಿದ್ದ. ಈಗಿನ ಸವಾರರಿಗೆ ಗುಂಡಿಯಲ್ಲಿ ಪಳಗಿದ ಮೇಲೆ ಗಾಳಿ ತುಂಬಿದ ದಿಂಬಿನ ಇಳಿಜಾರು, ಅದರ ಮೇಲೆ ಪಳಗಿದ ಮೇಲೆ ಮಣ್ಣು. ಜನರೆದುರಿನ ಎರಡು ಸೆಕೆಂಡಿನ ಹಿಂದೆ ಯಾರೂ ನೋಡದ ಲೆಕ್ಕವಿಲ್ಲದ ಸೋಲುಗಳಿವೆ. ರೀಲ್ಸ್‌ನಲ್ಲಿ ಕಾಣುವುದು ಆ ಎರಡು ಸೆಕೆಂಡು ಮಾತ್ರ.

ಇದು ನಮಗೆ ಹೊಸತೇನಲ್ಲ. ಗರಡಿಮನೆಯ ಮಟ್ಟಿಯನ್ನು ನೋಡಿ. ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣನ್ನು ದಿನವೂ ಗುದ್ದಲಿಯಿಂದ ಸಡಿಲಿಸುತ್ತಿದ್ದುದು ಎತ್ತಿ ಒಗೆಸಿಕೊಂಡವನ ಬೆನ್ನು ಮುರಿಯದಿರಲಿ ಎಂದು. ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿಯಲ್ಲಿ ಚಿತ್ ಮಾಡಿ ನಗುವ ಪೈಲ್ವಾನ ಎಷ್ಟು ಸಾವಿರ ಸಲ ಬಿದ್ದು ಆ ಪಟ್ಟು ಕಲಿತನೋ ಉಸ್ತಾದರಿಗೆ ಗೊತ್ತಿರುತ್ತದೆ. ಡಾಂಬರು ರಸ್ತೆಯ ಮೇಲೆ ಕುಸ್ತಿ ಕಲಿಯಿರಿ ಎಂದು ಯಾವ ಉಸ್ತಾದರೂ ಹೇಳಿದ್ದಿಲ್ಲ. ಬೈಕಿನ ವಿಷಯದಲ್ಲಿ ಮಾತ್ರ ನಾವು ಬಾಯಿಬಿಟ್ಟು ಹೇಳದೆಯೇ ಹಾಗೆ ಹೇಳಿದ್ದೇವೆ.

ಇಷ್ಟು ಹೇಳಿದ ಮೇಲೆ ಈ ಆಟ ಸುರಕ್ಷಿತ ಎಂಬ ಭ್ರಮೆಯನ್ನು ನಾನು ಬಿತ್ತಬಾರದು. 2009ರ ಫೆಬ್ರುವರಿಯಲ್ಲಿ ಜೆರೆಮಿ ಲಸ್ಕ್ ಎಂಬ ಸವಾರ ಕೋಸ್ಟಾರಿಕಾದ ಪ್ರದರ್ಶನವೊಂದರಲ್ಲಿ ಪಲ್ಟಿ ತಪ್ಪಿ ಬಿದ್ದು ತೀರಿಕೊಂಡ. ವಯಸ್ಸು 24, ಎಕ್ಸ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದವನು. ಫೋಮ್ ಪಿಟ್ಟು, ಹೆಲ್ಮೆಟ್ಟು, ಆಂಬುಲೆನ್ಸ್ ಎಲ್ಲ ಇದ್ದೂ ಜೀವ ಹೋಗುತ್ತದೆ. ಹಾಗಾದರೆ ರಸ್ತೆಯ ವ್ಹೀಲಿಂಗಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ವ್ಯತ್ಯಾಸ ಸಾವಿನ ಸಾಧ್ಯತೆಯಲ್ಲಿಲ್ಲ, ಯಾರ ಸಾವಿನ ಸಾಧ್ಯತೆ ಎಂಬುದರಲ್ಲಿದೆ. ಲಸ್ಕ್ ತನ್ನ ಅಪಾಯವನ್ನು ತಾನೇ ಒಪ್ಪಿಕೊಂಡಿದ್ದ. ಅವನ ದಾರಿಯಲ್ಲಿ ಹಾಲು ತರಲು ಹೊರಟ ಅಜ್ಜಿ ಇರಲಿಲ್ಲ.

ಮುಂದಿನ ಚಕ್ರ ಮೇಲಿರುವ ಬೈಕಿಗೆ ಎರಡು ಸಂಗತಿ ಇರುವುದಿಲ್ಲ: ತಿರುಗಿಸಲು ಹ್ಯಾಂಡಲ್, ನಿಲ್ಲಿಸಲು ಮುಂದಿನ ಬ್ರೇಕ್. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಹಿಂದಿನ ಬ್ರೇಕ್ ಒತ್ತಿದರೆ ಚಕ್ರ ದೊಪ್ಪನೆ ಕೆಳಗಿಳಿಯುತ್ತದೆ, ಗಾಡಿ ಅಲ್ಲೇ ನಿಲ್ಲುವುದಿಲ್ಲ. ಅಂದರೆ ಗಾಡಿ ಎತ್ತಿದವನು ಎಷ್ಟೇ ನುರಿತವನಾಗಿರಲಿ, ಆ ಹೊತ್ತಿಗೆ ಎದುರಿಗೆ ಬಂದವರನ್ನು ತಪ್ಪಿಸುವ ಸಾಧನ ಅವನ ಕೈಯಲ್ಲಿಲ್ಲ. ನೈಪುಣ್ಯದ ಸಮರ್ಥನೆ ಇಲ್ಲಿಗೆ ಮುರಿದುಬೀಳುತ್ತದೆ. ‘ನನಗೆ ಕಂಟ್ರೋಲ್ ಇದೆ ಸಾರ್’ ಎನ್ನುವ ಹುಡುಗನಿಗೆ ಕೊಡಬೇಕಾದ ಉತ್ತರ ನೀತಿಬೋಧೆಗಿಂತ ಇದೇ ಒಳ್ಳೆಯದು.

ಗಾಡಿಯೂ ಬೇರೆಯೇ. ಮೋಟೊಕ್ರಾಸ್ ಬೈಕಿನ ಸಸ್ಪೆನ್ಷನ್ ಸುಮಾರು 300 ಮಿಲಿಮೀಟರ್ ಕುಗ್ಗಿ ಹಿಗ್ಗುತ್ತದೆ, ತೂಕ ನೂರು ಕಿಲೋ ಆಸುಪಾಸು. ನಮ್ಮ ರಸ್ತೆಯ ಬೈಕುಗಳಲ್ಲಿ ಆ ಕುಗ್ಗುವಿಕೆ ಅದರ ಅರ್ಧಕ್ಕೂ ಕಡಿಮೆ, ತೂಕ ಹೆಚ್ಚು. ಮೂರು ಅಡಿ ದಿಬ್ಬ ಹಾರಿಸಿದರೆ ಫೋರ್ಕ್ ತಳಕ್ಕೆ ಬಡಿದು ಹೊಡೆತ ನೇರ ಮಣಿಕಟ್ಟಿಗೂ ಸೊಂಟಕ್ಕೂ ಹೋಗುತ್ತದೆ. ಹಳೆಯ ಆರ್‌ಎಕ್ಸ್ 100ರ ಇಂಜಿನ್ ಎಷ್ಟೇ ಹುರುಪಿನದಾದರೂ ಅದರ ಮೈ ಹಾರಲೆಂದು ಕಟ್ಟಿದ್ದಲ್ಲ.

ಇನ್ನು ಕಾನೂನು. 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ವ್ಹೀಲಿಂಗ್ ಆರೋಪಿಯೊಬ್ಬನಿಗೆ ಜಾಮೀನು ನಿರಾಕರಿಸುತ್ತ, ಈ ಪಿಡುಗಿಗೆ ಈಗಿರುವ ಕಾನೂನು ಸಾಲದು, ಕಠಿಣ ನಿಯಮ ತನ್ನಿ ಎಂದು ಸರ್ಕಾರಕ್ಕೆ ಹೇಳಿತು. ಸರಿಯಾದ ಮಾತು. ಈಗ ಹೆಚ್ಚಾಗಿ ಬಳಕೆಯಾಗುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಜೈಲು. ಆದರೆ ಅದೇ ಕಾಯ್ದೆಯ 189ನೇ ಸೆಕ್ಷನ್ನನ್ನೂ ಓದಬೇಕು. ಸಾರ್ವಜನಿಕ ಸ್ಥಳದಲ್ಲಿ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡುವುದು ಅಪರಾಧ ಎನ್ನುತ್ತದೆ ಅದು. ಕಾನೂನು ಮಾಡಿದವರಿಗೆ ಬೈಕಿನ ಆಟವೇ ಅಪರಾಧವಾಗಿ ಕಂಡಿಲ್ಲ. ಜಾಗ ಮತ್ತು ಅನುಮತಿಯ ಪ್ರಶ್ನೆಯನ್ನು ಅವರು ಎತ್ತಿದ್ದಾರೆ. ಮೊದಲರ್ಧವನ್ನು ನಾವು ಶ್ರದ್ಧೆಯಿಂದ ಜಾರಿ ಮಾಡುತ್ತಿದ್ದೇವೆ, ಉಳಿದರ್ಧ ಹಾಗೇ ಬಿದ್ದಿದೆ.

ಅಪಾಯದ ಆಟವನ್ನು ನಿಯಮದೊಳಗೆ ತರುವುದು ಈ ಜಿಲ್ಲೆಗೆ ಅಪರಿಚಿತವಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಶುರುವಾಗುತ್ತದೆ. ಕೊಬ್ಬರಿ ಕಟ್ಟಿಕೊಂಡು ನುಗ್ಗುವ ಹೋರಿಯ ಕೊಂಬಿಗೆ ಸಿಕ್ಕಿ ಸತ್ತವರಿದ್ದಾರೆ, ಹಿಡಿಯಲು ಹೋದವರಲ್ಲದೆ ಸುಮ್ಮನೆ ನೋಡುತ್ತ ನಿಂತವರೂ ಸೇರಿ. ಆದರೂ ಜನರ ಪ್ರೀತಿಗೆ ಮಣಿದು ರಾಜ್ಯ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಕಂಬಳ, ಗಾಡಿ ಓಟಗಳಿಗೂ ಅವಕಾಶ ಕೊಟ್ಟ ಆ ತಿದ್ದುಪಡಿಯನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು. ಹೋರಿಗೊಂದು ನ್ಯಾಯ, ಬೈಕಿಗೊಂದು ನ್ಯಾಯವೇ? ಪರಂಪರೆಯ ಹೆಸರಿದ್ದರೆ ಅಪಾಯಕ್ಕೆ ಬ್ಯಾರಿಕೇಡ್ ಕಟ್ಟಿಕೊಡುತ್ತೇವೆ, ಪರಂಪರೆಯ ಹೆಸರಿಲ್ಲದಿದ್ದರೆ ಎಫ್‌ಐಆರ್ ಮಾತ್ರ.

ಜಾಗ ಎಲ್ಲಿ? ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್. ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಫೌಂಡ್ರಿಗಳು. ಆಚೆ ತುದಿಗೆ ಭದ್ರಾವತಿ. 1918ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಊರು, ಇವತ್ತಿಗೂ ಆ ಕಾರ್ಖಾನೆಯಾದ ವಿಐಎಸ್‌ಎಲ್ ಉಳಿಯುತ್ತದೋ ಮುಚ್ಚುತ್ತದೋ ಎಂಬ ಚಿಂತೆಯಲ್ಲಿರುವ ಊರು. ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ದಶಕವೇ ಆಯಿತು. ಈ ಎರಡು ಕಾರ್ಖಾನೆಗಳ ನೆರಳಲ್ಲಿ ಬೆಳೆದ ವೆಲ್ಡರ್, ಟರ್ನರ್, ಫಿಟ್ಟರುಗಳ ಕೈಗೆ ಕೆಲಸ ಕಡಿಮೆಯಾಗಿದೆಯೇ ಹೊರತು ಕಸುಬು ಹೋಗಿಲ್ಲ. ಹಾರುವ ರ‍್ಯಾಂಪ್ ಎಂದರೆ ಬಾಗಿದ ಉಕ್ಕಿನ ಚೌಕಟ್ಟು. ಅದರ ಬಾಗು ಆರಂಭದಿಂದ ತುದಿಯವರೆಗೆ ಒಂದೇ ಸಮನಾಗಿರಬೇಕು, ಬೈಕಿನ ಭಾರಕ್ಕೆ ತೊನೆಯಬಾರದು, ಬೆಸುಗೆ ಬಿಡಬಾರದು. ಭದ್ರಾವತಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ರ‍್ಯಾಂಪಿನಿಂದ ಶುರುಮಾಡುವುದು ತಪ್ಪು. ಇಲ್ಲಿ ನನ್ನ ಉತ್ಸಾಹಕ್ಕೆ ನಾನೇ ಕಡಿವಾಣ ಹಾಕಬೇಕು. ನಾಳೆಯೇ ಯಾರಾದರೂ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ವಿದೇಶಿ ಸವಾರರನ್ನು ಕರೆಸಿ ಸ್ಟಂಟ್ ಶೋ ಮಾಡಿದರೆ ಸಾವಿರಾರು ಜನ ಸೇರುತ್ತಾರೆ, ಮಾರನೆಯ ವಾರ ಸವಳಂಗ ರಸ್ತೆಯಲ್ಲಿ ಗಾಡಿ ಎತ್ತುವವರು ದುಪ್ಪಟ್ಟಾಗುತ್ತಾರೆ. ಫ್ರೀಸ್ಟೈಲ್ ಎನ್ನುವುದು ಮೋಟೊಕ್ರಾಸಿನ ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಮಣ್ಣಿನ ಟ್ರ್ಯಾಕ್: ನಿಂತು ಓಡಿಸುವುದು, ತಿರುವಿನಲ್ಲಿ ಕಾಲು ಚಾಚುವುದು, ಮೊಣಕಾಲೆತ್ತರದ ದಿಬ್ಬ ಹಾರುವುದು, ಬಿದ್ದಾಗ ಬೈಕಿನಿಂದ ದೂರ ಉರುಳುವುದು. ಇಲ್ಲಿಯೇ ಹತ್ತರಲ್ಲಿ ಒಂಬತ್ತು ಹುಡುಗರು ನಿಲ್ಲುತ್ತಾರೆ, ನಿಂತರೆ ನಷ್ಟವೇನಿಲ್ಲ.

ಕರ್ನಾಟಕದ ಅನುಭವವೂ ಇದೇ. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೊಕ್ರಾಸ್, ಸೂಪರ್‌ಕ್ರಾಸ್ ಟ್ರ್ಯಾಕುಗಳಲ್ಲಿ ಬೆಳೆದು 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಅವರೇ ಕೋಲಾರ ಜಿಲ್ಲೆಯಲ್ಲಿ ಬಿಗ್ ರಾಕ್ ಎಂಬ ಮಣ್ಣಿನ ಟ್ರ್ಯಾಕಿನ ತರಬೇತಿ ತಾಣ ಕಟ್ಟಿದರು. ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ರಸ್ತೆಯ ವ್ಹೀಲಿಂಗ್ ಬಹುತೇಕ ಗಂಡುಹುಡುಗರ ಸೊತ್ತು, ಗಮನಿಸಿ. ಟ್ರ್ಯಾಕ್ ಇದ್ದರೆ ಹೆಣ್ಣುಮಕ್ಕಳೂ ಬರುತ್ತಾರೆ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ನಡೆದಾಗ 85 ಸಿಸಿ ಬೈಕಿನ ಕಿರಿಯರ ವಿಭಾಗವೂ ಇತ್ತು. ನಮ್ಮ ಹುಡುಗ ಕಲಿಯಲು ಬಿಗ್ ರಾಕ್‌ಗೆ ಹೋಗಬೇಕೆಂದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ.

ಆಕ್ಷೇಪಗಳಿಗೆ ಬರುತ್ತೇನೆ. ಟ್ರ್ಯಾಕ್ ಕಟ್ಟಿದರೆ ರಸ್ತೆಯ ವ್ಹೀಲಿಂಗ್ ನಿಲ್ಲುತ್ತದೆಯೇ? ಪೂರ್ತಿ ನಿಲ್ಲುವುದಿಲ್ಲ. ಕೆಲವರಿಗೆ ಬೇಕಾಗಿರುವುದು ಬೈಕಿನ ಆಟವಲ್ಲ, ಕಾಲೇಜು ಗೇಟಿನ ಮುಂದಿನ ಪ್ರೇಕ್ಷಕರು. ಅವರಿಗೆ 184ನೇ ಸೆಕ್ಷನ್ನೇ ಸರಿ. ಆದರೆ ಅವರ ನಡುವೆ ನಿಜವಾಗಿ ಕೈಚಳಕ ಇರುವವನೊಬ್ಬ ಇರುತ್ತಾನೆ. ಕ್ಲಚ್ಚು ಆಕ್ಸಿಲರೇಟರುಗಳ ಸೂಕ್ಷ್ಮ ತಿಳಿದ, ಗ್ಯಾರೇಜಿನಲ್ಲಿ ಕೆಲಸ ಕಲಿತ ಹುಡುಗ. ಉಳಿದವರು ಅವನನ್ನೇ ಅನುಸರಿಸುತ್ತಾರೆ. ಅವನೊಬ್ಬ ಟ್ರ್ಯಾಕಿಗೆ ಬಂದು, ರಸ್ತೆಯಲ್ಲಿ ಮಾಡಿದ್ದು ಇಲ್ಲಿ ಲೆಕ್ಕಕ್ಕಿಲ್ಲ ಎಂದು ಅರಿತರೆ ಹಿಂಬಾಲಕರ ಉತ್ಸಾಹ ಅರ್ಧ ಇಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು. ಆಮದು ಮೋಟೊಕ್ರಾಸ್ ಬೈಕಿಗೆ ಎಂಟು ಲಕ್ಷದ ಆಸುಪಾಸು. ಹೆಲ್ಮೆಟ್, ಬೂಟು, ಎದೆಗವಚ, ಕತ್ತಿನ ಪಟ್ಟಿ ಬೇರೆ. ಹೀಗಾದರೆ ತೋಟದ ಮನೆಯ ಮಕ್ಕಳು ಟ್ರ್ಯಾಕಿನಲ್ಲಿ ಆಡುತ್ತಾರೆ, ಗ್ಯಾರೇಜಿನ ಹುಡುಗ ಬೇಲಿಯಾಚೆ ನಿಲ್ಲುತ್ತಾನೆ. ಸಾರ್ವಜನಿಕ ಜಮೀನಿನಲ್ಲಿ ಅಂಥ ಟ್ರ್ಯಾಕ್ ಬೇಡವೇ ಬೇಡ. ಬೈಕು ಹುಡುಗನದಾಗಿರದೆ ಕ್ಲಬ್ಬಿನದಾಗಿರಬೇಕು. ಎಕ್ಸ್‌ಪಲ್ಸ್‌ನಂಥ ದೇಶೀ ಬೈಕುಗಳಲ್ಲಿ ನಾಲ್ಕೈದನ್ನು ಮಣ್ಣಿಗೆ ಹೊಂದಿಸಿ, ಕವಚಗಳನ್ನು ಅಳತೆವಾರು ಇಟ್ಟು, ಗಂಟೆಯ ಲೆಕ್ಕದಲ್ಲಿ ಕಲಿಸಬಹುದು. ಅವುಗಳ ರಿಪೇರಿಯನ್ನು ಐಟಿಐ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಜೋಡಿಸಬಹುದು. ನಿಯಮಾವಳಿ ಹೊಸದಾಗಿ ಬರೆಯಬೇಕಿಲ್ಲ: ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಎಫ್‌ಎಂಎಸ್‌ಸಿಐ, ಸ್ಪರ್ಧಾಳುಗಳಿಗೆ ಲೈಸೆನ್ಸ್ ಕೊಡುತ್ತದೆ, ಸ್ಪರ್ಧೆಗಳಿಗೆ ಸುರಕ್ಷತೆಯ ಷರತ್ತು ಹಾಕುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನ ಸೆರಗಿನ ಈ ಮಣ್ಣು ಟ್ರ್ಯಾಕಾಗಿ ಉಳಿಯುವುದಿಲ್ಲ, ಆಗ ಬೀಗ ಹಾಕಿದರಾಯಿತು. ಸದ್ದು ಇದ್ದೇ ಇರುತ್ತದೆ, ಆದ್ದರಿಂದಲೇ ಕೈಗಾರಿಕಾ ಪ್ರದೇಶದ ಮಗ್ಗುಲು ಒಳ್ಳೆಯದು. ಆಂಬುಲೆನ್ಸ್ ಇಲ್ಲದ ದಿನ ಗೇಟು ತೆರೆಯಬಾರದು.

ಫೋಮ್ ಪಿಟ್ಟು, ಉಕ್ಕಿನ ರ‍್ಯಾಂಪುಗಳ ಮಾತು ಆಮೇಲೆ, ಟ್ರ್ಯಾಕಿನಲ್ಲಿ ವರ್ಷಗಟ್ಟಲೆ ಬಿದ್ದೆದ್ದ ನಾಲ್ವರು ಸವಾರರು ತಾವಾಗಿ ಕೇಳಿದಾಗ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಜಿಲ್ಲಾಡಳಿತ, ಪೊಲೀಸ್ ಇಲಾಖೆ ಮೂರೂ ಒಂದೇ ಮೇಜಿನ ಸುತ್ತ ಕುಳಿತು ಮಾಚೇನಹಳ್ಳಿ ಸುತ್ತಮುತ್ತ ಕೆಲವು ಎಕರೆ ಗುರುತಿಸಲಿ. ಬೇಲಿ, ಮಣ್ಣು, ಕ್ಲಬ್ಬಿನ ಬೈಕುಗಳಿಗೆ ಎಷ್ಟಾಗುತ್ತದೆ ಎಂದು ಅಂದಾಜುಪಟ್ಟಿ ಮಾಡಿ ಮುಂದಿನ ಬಜೆಟ್ಟಿಗೆ ಕಳಿಸಲಿ. ರಸ್ತೆಯಲ್ಲಿ ದಂಡ ವಸೂಲಿ ಅಲ್ಲಿಯವರೆಗೂ, ಆಮೇಲೂ ಒಂದು ರೂಪಾಯಿ ಕಡಿಮೆಯಾಗದೆ ನಡೆಯಲಿ.